ಆಲ್‌ಫ್ರಿಸ್ಟನ್‌ನ ಪಾದ್ರಿಮನೆ ರೈತನ ಮನೆಯಂತೆ ಕಾಣುವುದೇಕೆ?

ಪ್ರಶ್ನೆ: ಸೂರಂಚು

ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನಲ್ಲಿ ಕಕ್‌ಮಿಯರ್ ನದಿಯ ಪಕ್ಕದಲ್ಲಿರುವ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯ ‘ಕ್ಲರ್ಜಿ ಹೌಸ್’, ಅಂದರೆ ಪಾದ್ರಿಮನೆಯ ಬಗ್ಗೆ ನನಗೆ ಕೆಲವು ಸಂಶಯಗಳಿವೆ. 14ನೇ ಶತಮಾನದ ಈ ಮನೆಯನ್ನು 1896ರಲ್ಲಿ ಹಳೆಯ ಕಟ್ಟಡಗಳನ್ನೂ ನಿಸರ್ಗತಾಣಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ 10 ಪೌಂಡಿಗೆ ಕೊಂಡಿತೆಂಬುದೂ, ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಇದೆಂಬುದೂ ಹಲವರಿಗೆ ಗೊತ್ತಿರಬಹುದು. ಆ ಖರೀದಿಯ ಕಥೆ ಎಲ್ಲ ಕಡೆಯೂ ಸಿಗುತ್ತದೆ. ಕಟ್ಟಡ ಹೀಗೇಕೆ ಇದೆ ಎಂಬ ವಿವರಣೆ ಮಾತ್ರ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ.

ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಅರ್ಧ ದಿನ ಕಳೆದೆ. ಮನೆಯ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರ ಮುಖ. ಎರಡೂ ತುದಿಗಳಲ್ಲಿ ಮೇಲಂತಸ್ತು ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿಕೊಂಡಿದೆ, ನಡುವಿನ ಭಾಗ ಮಾತ್ರ ಒಳಸರಿದಂತಿದೆ, ಆದರೆ ಮೇಲಿನ ಹುಲ್ಲುಮಾಡಿನ ಸೂರು ಈ ಹಿಂದುಮುಂದನ್ನು ಲೆಕ್ಕಿಸದೆ ಒಂದೇ ನೇರಗೆರೆಯಲ್ಲಿ ಸಾಗಿದೆ. ಹೀಗಾಗಿ ನಡುಭಾಗದಲ್ಲಿ ಸೂರು ಗೋಡೆಯಿಂದ ಬಹಳ ಹೊರಗೆ, ಆಸರೆಯಿಲ್ಲದೆ ನಿಂತಂತೆ ಕಾಣುತ್ತದೆ. ಒಳಗೆ ಹೋದರೆ ನಡುಮನೆಗೆ ಅಟ್ಟವೇ ಇಲ್ಲ. ನೆಲದಿಂದ ಮಾಡಿನ ನೆತ್ತಿಯವರೆಗೂ ಬರಿದೇ ಬಯಲು. ಕಾಲ ಕೆಳಗೆ ಕಲ್ಲೂ ಇಲ್ಲ, ಹಲಗೆಯೂ ಇಲ್ಲ. ಬೆಳ್ಳಗಿನ, ಗಟ್ಟಿಯಾದ, ಅಲ್ಲಲ್ಲಿ ಸವೆದು ನಯವಾದ ನೆಲ.

ನನ್ನ ಮುಖ್ಯ ಪ್ರಶ್ನೆ ಇದು. ಮಧ್ಯಯುಗದ ಪಾದ್ರಿ ಮದುವೆಯಾಗುವಂತಿರಲಿಲ್ಲ. ಒಂಟಿ ಮನುಷ್ಯನಿಗೆ, ಹೆಚ್ಚೆಂದರೆ ಒಬ್ಬಿಬ್ಬರು ಆಳುಗಳಿರುವವನಿಗೆ, ಇಷ್ಟೆತ್ತರದ ನಡುಮನೆ ಏಕೆ? ಈ ಮನೆಯಲ್ಲಿ ಪಾದ್ರಿಗೆಂದೇ ಮಾಡಿದ ಅಂಶ ಯಾವುದು? ಪ್ರಾರ್ಥನೆಯ ಕೋಣೆಯಾಗಲಿ, ಚರ್ಚಿನ ವಾಸ್ತುವನ್ನು ನೆನಪಿಸುವ ಕಿಟಕಿ ಬಾಗಿಲುಗಳ ಸಾಲಾಗಲಿ ನನಗೆ ಎದ್ದು ಕಾಣಲಿಲ್ಲ. ಪಕ್ಕದಲ್ಲೇ ಇರುವ ಸೇಂಟ್ ಆಂಡ್ರೂ ಚರ್ಚು ಅದೇ ಶತಮಾನದ್ದು, ಬೆಣಚುಕಲ್ಲಿನ ಗೋಡೆಗಳಲ್ಲಿ ಶಿಲುಬೆಯಾಕಾರದಲ್ಲಿ ಎದ್ದುನಿಂತಿದೆ. ಎರಡಕ್ಕೂ ನೂರು ಹೆಜ್ಜೆಯ ಅಂತರವೂ ಇಲ್ಲ, ಆದರೂ ಒಂದರ ಛಾಯೆ ಇನ್ನೊಂದರ ಮೇಲೆ ಬಿದ್ದಿಲ್ಲ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ತೊಲೆಜಂತೆ

ನಿಮ್ಮ ಕಣ್ಣು ಸರಿಯಾದ ಕಡೆಯೇ ನಿಂತಿದೆ. ಪಾದ್ರಿಗೆಂದೇ ಮಾಡಿದ ಅಂಶ ನಿಮಗೆ ಸಿಗದಿರುವುದಕ್ಕೆ ಕಾರಣ, ಈ ಮನೆಯ ರೂಪ ಮೂಲತಃ ಪಾದ್ರಿಯದಲ್ಲ, ಸ್ಥಿತಿವಂತ ರೈತನದು. ಕಟ್ಟಡಗಳ ಇತಿಹಾಸ ಬಲ್ಲವರು ಈ ಬಗೆಯನ್ನು ‘ವೀಲ್ಡನ್ ಮನೆ’ ಎಂದು ಕರೆಯುತ್ತಾರೆ. ವೀಲ್ಡ್ ಎಂದರೆ ಕೆಂಟ್, ಸಸೆಕ್ಸ್, ಸರ್ರೆ ಪ್ರಾಂತ್ಯಗಳಲ್ಲಿ ಉತ್ತರದ ಮತ್ತು ದಕ್ಷಿಣದ ಸೀಮೆಸುಣ್ಣದ ಗುಡ್ಡಸಾಲುಗಳ ನಡುವೆ ಹಬ್ಬಿರುವ, ಓಕ್ ಮರಗಳಿಗೆ ಹೆಸರಾದ ಕಾಡುಸೀಮೆ. ಆಲ್‌ಫ್ರಿಸ್ಟನ್ ಇರುವುದು ಆ ಸೀಮೆಯೊಳಗಲ್ಲ, ದಕ್ಷಿಣದ ಗುಡ್ಡಗಳ ಮಡಿಲಲ್ಲಿ; ಆದರೂ ಬಡಗಿಗಳ ಪದ್ಧತಿ ಅದೇ. 1348–49ರ ಪ್ಲೇಗ್ ಮಹಾಪಿಡುಗಿನಲ್ಲಿ ಜನಸಂಖ್ಯೆ ಕುಸಿದ ಬಳಿಕ ಬದುಕುಳಿದವರ ಕೈಯಲ್ಲಿ ಹೆಚ್ಚು ಜಮೀನು ಸೇರಿತು, ಕೂಲಿಯ ದರ ಏರಿತು, ಸ್ವಂತ ದುಡಿಮೆಯಿಂದ ಮೇಲೆ ಬಂದ ಒಕ್ಕಲಿಗರ ಒಂದು ವರ್ಗ ಬಲವಾದ, ನೂರಾರು ವರ್ಷ ನಿಲ್ಲುವ ಮನೆಗಳನ್ನು ಕಟ್ಟಿಸತೊಡಗಿತು. ವೀಲ್ಡನ್ ಮನೆಗಳಲ್ಲಿ ಉಳಿದು ಬಂದವು ಬಹುಪಾಲು ಆ ಪಿಡುಗಿನ ನಂತರದ ಒಂದೂವರೆ ಶತಮಾನದವು.

ಅದರ ವಿನ್ಯಾಸವನ್ನು ಹೀಗೆ ಊಹಿಸಿಕೊಳ್ಳಿ. ಉದ್ದವಾದ ಒಂದೇ ಚೌಕಟ್ಟು, ನಡುವೆ ನಡುಮನೆ, ಅದರ ಎರಡೂ ತುದಿಗಳಲ್ಲಿ ಎರಡೆರಡು ಅಂತಸ್ತು. ಒಂದು ತುದಿ ಯಜಮಾನನದು. ಕೆಳಗೆ ಒಳಕೋಣೆ, ಮೇಲೆ ಅವನು ಮಲಗುವ ‘ಸೋಲಾರ್’. ಇನ್ನೊಂದು ತುದಿ ಉಗ್ರಾಣದ್ದು. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಬಾಗಿಲು: ಒಂದು ‘ಬಟರಿ’ಗೆ, ಇನ್ನೊಂದು ‘ಪ್ಯಾಂಟ್ರಿ’ಗೆ. ಬಟರಿ ಎಂಬ ಹೆಸರಿಗೂ ಬೆಣ್ಣೆಗೂ ಸಂಬಂಧವಿಲ್ಲ. ಅದು ಪೀಪಾಯಿಗಳನ್ನಿಡುವ, ಅಂದರೆ ಏಲ್ ಮುಂತಾದ ಪಾನೀಯಗಳ ಕೋಣೆ. ಪ್ಯಾಂಟ್ರಿ ಎಂದರೆ ರೊಟ್ಟಿಯ ಕೋಣೆ, ಆ ಪದ ಫ್ರೆಂಚಿನ ರೊಟ್ಟಿ ಎಂಬ ಪದದಿಂದಲೇ ಬಂದದ್ದು. ಈ ಬಾಗಿಲುಗಳ ಮುಂದೆ ಮನೆಯನ್ನು ಅಡ್ಡಲಾಗಿ ಹಾಯುವ ಒಂದು ಓಣಿ, ಅದರ ಎರಡು ಕೊನೆಗಳಲ್ಲಿ ಎದುರುಬದುರಾಗಿ ಮುಂಬಾಗಿಲು ಮತ್ತು ಹಿಂಬಾಗಿಲು. ಯಜಮಾನನ ಊಟದ ಮೇಜು ಓಣಿಯಿಂದ ದೂರದ ತುದಿಯಲ್ಲಿ, ಗಾಳಿ ಹೆಚ್ಚು ನುಗ್ಗದ ಕಡೆ ಇರುತ್ತಿತ್ತು. ಮನೆಯೊಳಗೆ ಕಾಲಿಟ್ಟ ಯಾರಿಗೇ ಆದರೂ, ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂಬುದು ಯಾರೂ ಹೇಳದೆಯೇ ತಿಳಿಯುತ್ತಿತ್ತು.

ಈಗ ನೀವು ನೋಡಿದ ಸೂರಿನ ವಿಷಯ. ತುದಿಭಾಗಗಳಿಗೆ ಮೇಲಂತಸ್ತು ಇರುವುದರಿಂದ ಅಲ್ಲಿ ನೆಲದ ಜಂತೆಗಳನ್ನು ಗೋಡೆಯ ಆಚೆಗೆ ಚಾಚಿ, ಚಾಚಿದ ತುದಿಗಳ ಮೇಲೆ ಮೇಲಿನ ಗೋಡೆ ನಿಲ್ಲಿಸಬಹುದು. ನಡುಮನೆಗೆ ಮೇಲಂತಸ್ತೇ ಇಲ್ಲ. ಆದ್ದರಿಂದ ಅಲ್ಲಿ ಚಾಚುವುದಕ್ಕೆ ಜಂತೆಯೇ ಇಲ್ಲ, ಗೋಡೆ ನೆಲದಿಂದ ನೇರವಾಗಿ ಮೇಲೇಳುತ್ತದೆ. ಆದರೆ ಬಡಗಿಗೆ ಬೇಕಾದದ್ದು ಒಂದೇ ಮಾಡು. ಮೂರು ಬೇರೆ ಮಾಡುಗಳನ್ನು ಮಾಡಿದರೆ ಅವು ಕೂಡುವ ಕಣಿವೆಗಳಲ್ಲಿ ಮಳೆನೀರು ಇಳಿಯುತ್ತದೆ, ಹುಲ್ಲಿನ ಹೊದಿಕೆಗೆ ಕಣಿವೆಯೇ ಮೊದಲ ಶತ್ರು. ಹಾಗಾಗಿ ಒಂದು ತುದಿಭಾಗದಿಂದ ಇನ್ನೊಂದಕ್ಕೆ, ನಡುಮನೆಯ ಗೋಡೆಯನ್ನು ಮುಟ್ಟದೆ, ಸೂರಿನ ತೊಲೆಯೊಂದನ್ನು ಸೇತುವೆಯಂತೆ ಹಾಯಿಸಿದರು. ಆ ತೊಲೆ ಭಾರಕ್ಕೆ ಬಾಗದಂತೆ, ಎರಡೂ ಕಡೆಯ ಚಾಚುಭಾಗಗಳ ಮೂಲೆಗಂಬಗಳಿಂದ ಬಿಲ್ಲಿನಂತೆ ಬಾಗಿದ ಆನಿಕೆಗಳನ್ನು ಕೊಟ್ಟರು. ಆಸರೆಯಿಲ್ಲದೆ ನಿಂತಂತೆ ಕಾಣುತ್ತದೆ ಎಂದಿರಲ್ಲ, ಆಸರೆ ಆ ಬಾಗುಮರಗಳಲ್ಲಿದೆ. ಅವುಗಳಿಗೆ ಹುಟ್ಟಾ ಬಾಗಿದ ಕೊಂಬೆಗಳನ್ನು ಹುಡುಕಿ ತರುತ್ತಿದ್ದರು. ಏಕೆಂದರೆ ನೇರ ಮರವನ್ನು ಬಾಗಾಗಿ ಕೊಯ್ದರೆ ಎಳೆ ತುಂಡಾಗಿ ಬಲ ಹೋಗುತ್ತದೆ.

ಮಾಡಿನ ಒಳಗಿನ ಮರಗೆಲಸ ನನಗೆ ಇನ್ನೂ ಹೆಚ್ಚು ಪ್ರೀತಿಯ ವಿಷಯ. ಇಂಥ ಮನೆಗಳ ಮಾಡಿಗೆ ನೆತ್ತಿಯ ತೊಲೆಯೇ ಇರುವುದಿಲ್ಲ. ಎದುರುಬದುರಿನ ಇಳಿಜಂತೆಗಳು ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಪ್ರತಿ ಜೋಡಿಗೂ ನಡುಮಟ್ಟದಲ್ಲಿ ಒಂದು ಅಡ್ಡಪಟ್ಟಿ ಇರುತ್ತದೆ. ಆ ಅಡ್ಡಪಟ್ಟಿಗಳೆಲ್ಲದರ ಕೆಳಗೆ ಮನೆಯ ಉದ್ದಕ್ಕೂ ಒಂದು ತೊಲೆ ಓಡುತ್ತದೆ. ಅದನ್ನು ಹೊತ್ತಿರುವುದು ‘ಕ್ರೌನ್ ಪೋಸ್ಟ್’ ಎಂಬ ಗಿಡ್ಡ ಕಂಬ, ಆ ಕಂಬ ನಿಂತಿರುವುದು ನಡುಮನೆಯ ನಡುಮಧ್ಯೆ ಗೋಡೆಯಿಂದ ಗೋಡೆಗೆ ಹಾಯ್ದ ದೊಡ್ಡ ಅಡ್ಡತೊಲೆಯ ಮೇಲೆ. ಕಂಬದ ತಲೆಯಿಂದ ನಾಲ್ಕು ಕಡೆಗೆ ಆನಿಕೆಗಳು ಟಿಸಿಲೊಡೆದಂತೆ ಹರಡುತ್ತವೆ. ಇದರ ಕೆಲಸ ಭಾರ ಹೊರುವುದಕ್ಕಿಂತ ಹೆಚ್ಚಾಗಿ, ಸಾಲಾಗಿ ನಿಂತ ಇಳಿಜಂತೆಗಳು ಒಂದರ ಮೇಲೊಂದು ಒರಗಿ ಇಡೀ ಮಾಡು ಒಂದೇ ದಿಕ್ಕಿಗೆ ವಾಲದಂತೆ ತಡೆಯುವುದು. ಆ ದೊಡ್ಡ ಅಡ್ಡತೊಲೆಗೆ ಕೆಳಗೆ ಕಂಬವಿಲ್ಲ, ಗೋಡೆಗಂಬಗಳಿಂದ ಎದ್ದ ಕಮಾನಿನಂಥ ಆನಿಕೆಗಳಷ್ಟೇ ಇರುತ್ತವೆ. ಅದರಿಂದಲೇ ನಡುಮನೆಯ ನೆಲ ಒಂದೂ ಕಂಬವಿಲ್ಲದೆ ತೆರವಾಗಿ ಸಿಗುತ್ತದೆ.

ಇಷ್ಟನ್ನೂ ಕಟ್ಟಿದ್ದು ಹಸಿ ಓಕ್ ಮರದಲ್ಲಿ. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಒಂದು ಮರದ ತುದಿಯನ್ನು ನಾಲಿಗೆಯಂತೆ ತೆಳುವಾಗಿಸಿ, ಇನ್ನೊಂದರಲ್ಲಿ ಕೊರೆದ ಗೂಡಿಗೆ ಕೂರಿಸಿ, ಎರಡನ್ನೂ ಹಾಯುವಂತೆ ಮರದ ಗೂಟ ಹೊಡೆಯುತ್ತಿದ್ದರು. ನಾಲಿಗೆಯ ತೂತನ್ನು ಗೂಡಿನ ತೂತಿಗಿಂತ ಒಂದು ಕೂದಲೆಳೆಯಷ್ಟು ಒಳಗೆ ಕೊರೆದಿರುತ್ತಾರೆ. ಗೂಟ ಒಳಹೋಗುವಾಗ ಎರಡು ಮರಗಳನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತದೆ, ಮರ ಒಣಗಿದ ಹಾಗೆಲ್ಲ ಆ ಹಿಡಿತ ಇನ್ನೂ ಗಟ್ಟಿಯಾಗುತ್ತದೆ. ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ, ಪ್ರತಿ ಕೀಲಿಗೂ ರೋಮನ್ ಅಂಕಿಯ ಗುರುತು ಕೊರೆದು, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಹಳೆಯ ಮರದ ಮನೆಗಳಲ್ಲಿ ಕೀಲಿನ ಪಕ್ಕ ಉಳಿಯ ಮೊನೆಯಿಂದ ಗೀರಿದ ಗೆರೆಗಳು ಕಂಡರೆ ಅದು ಮಕ್ಕಳ ಆಟವಲ್ಲ, ಬಡಗಿಯ ಲೆಕ್ಕ.

ಕಂಬಗಳ ನಡುವಿನ ಜಾಗಕ್ಕೆ ತಡಿಕೆ. ಓಕ್ ಸೀಳುಗಳನ್ನು ನಿಲ್ಲಿಸಿ, ಹೇಝಲ್ ಕಡ್ಡಿಗಳನ್ನು ಹೆಣೆದು, ಜೇಡಿಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಎರಡೂ ಕಡೆಯಿಂದ ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ಮನೆಯನ್ನು ನಿಲ್ಲಿಸಿರುವುದು ಮರದ ಚೌಕಟ್ಟೇ ಹೊರತು ಈ ಗೋಡೆಯಲ್ಲ.

ಉತ್ತರ: ಹಳೆಯ ದಸ್ತಾವೇಜು

ಮರಗೆಲಸದ ವಿವರಣೆಗೆ ನಾನು ಸೇರಿಸುವುದೇನೂ ಇಲ್ಲ. ಆದರೆ ‘ರೈತನ ಮನೆ’ ಎಂದು ಹೇಳಿ ನಿಲ್ಲಿಸಿದರೆ ಪ್ರಶ್ನೆಯ ಅರ್ಧ ಉಳಿದುಬಿಡುತ್ತದೆ. ರೈತನ ಮನೆ ಪಾದ್ರಿಗೆ ಹೇಗೆ ಒಗ್ಗಿತು ಎಂಬುದಕ್ಕೆ ಉತ್ತರ ಪಾದ್ರಿಯ ಬದುಕಿನಲ್ಲಿದೆ.

ಹಳ್ಳಿಯ ಪಾದ್ರಿ ಎಂದರೆ ಪುಸ್ತಕ ಹಿಡಿದು ಕೂತವನೆಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅವನು ಬಹುಮಟ್ಟಿಗೆ ರೈತನೇ ಆಗಿದ್ದ. ಅವನ ಪಾಲಿಗೆ ‘ಗ್ಲೀಬ್’ ಎಂಬ ಚರ್ಚಿನ ಉಂಬಳಿ ಜಮೀನಿತ್ತು. ಅದನ್ನು ತಾನೇ ಉಳಬೇಕು, ಇಲ್ಲವೇ ಆಳುಗಳಿಂದ ಉಳುಮೆ ಮಾಡಿಸಬೇಕು. ಊರಿನವರು ಚರ್ಚಿಗೆ ಕೊಡುತ್ತಿದ್ದ ದಶಾಂಶ, ಅಂದರೆ ಹುಟ್ಟುವಳಿಯ ಹತ್ತರಲ್ಲೊಂದು ಪಾಲು, ಹಣದ ರೂಪದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಸರಕಿನ ರೂಪದಲ್ಲಿ ಬರುತ್ತಿತ್ತು. ಅದರಲ್ಲೂ ಎರಡು ಬಗೆ. ಧಾನ್ಯ, ಹುಲ್ಲು, ಸೌದೆಗಳ ದೊಡ್ಡ ದಶಾಂಶ ‘ರೆಕ್ಟರ್’ಗೆ, ಕುರಿಮರಿ, ಉಣ್ಣೆ, ಹಾಲು, ಮೊಟ್ಟೆ, ಹಣ್ಣುಗಳ ಸಣ್ಣ ದಶಾಂಶ ‘ವಿಕರ್’ಗೆ. ಒಂದು ಸನ್ಯಾಸಿಮಠವು ಊರಿನ ಚರ್ಚನ್ನು ತನ್ನ ವಶಕ್ಕೆ ತೆಗೆದುಕೊಂಡರೆ ಮಠವೇ ರೆಕ್ಟರ್ ಆಗುತ್ತಿತ್ತು, ದೊಡ್ಡ ಪಾಲು ಅಲ್ಲಿಗೆ ಹೋಗುತ್ತಿತ್ತು, ಊರಿನಲ್ಲಿ ಪೂಜೆ ನಡೆಸುವ ವಿಕರ್‌ಗೆ ಸಣ್ಣ ಪಾಲು ಉಳಿಯುತ್ತಿತ್ತು. 1215ರ ನಾಲ್ಕನೆಯ ಲ್ಯಾಟರನ್ ಸಭೆ ಅಂಥ ವಿಕರ್‌ಗೆ ತಕ್ಕಷ್ಟು ಆದಾಯವನ್ನು ಖಾಯಂ ಆಗಿ ಕೊಡಬೇಕೆಂದು ವಿಧಿಸಿತು. ಆಲ್‌ಫ್ರಿಸ್ಟನ್ ಚರ್ಚು ಹೀಗೆಯೇ ಹತ್ತಿರದ ಮಿಚೆಲ್‌ಹ್ಯಾಮ್ ಪ್ರಯರಿಗೆ ಸೇರಿತ್ತು. 1229ರಲ್ಲಿ ಸ್ಥಾಪನೆಯಾದ, ಅಗಸ್ಟೀನಿಯನ್ ಪಂಥದ ಆ ಮಠ ಇಲ್ಲಿಂದ ಕೆಲವು ಮೈಲಿ ದೂರದಲ್ಲಿದೆ.

ಉಣ್ಣೆಯ ಮೂಟೆ, ಮೊಟ್ಟೆಯ ಬುಟ್ಟಿ, ಏಲ್ ಪೀಪಾಯಿ ಇಡುವವನಿಗೆ ಉಗ್ರಾಣದ ತುದಿ ಬೇಕು. ಹೊಲದ ಆಳುಗಳಿಗೆ ಊಟ ಹಾಕುವವನಿಗೆ ನಡುಮನೆ ಬೇಕು. ಪಾದ್ರಿಗೆ ಅತಿಥಿಸತ್ಕಾರ ಒಂದು ಧಾರ್ಮಿಕ ಕರ್ತವ್ಯವೂ ಆಗಿತ್ತು. ದಾರಿಹೋಕರು, ಬಡವರು, ದಶಾಂಶದ ತಕರಾರು ತಂದವರು ಎಲ್ಲರೂ ಬರುತ್ತಿದ್ದದ್ದು ಆ ನಡುಮನೆಗೇ. ಹೆಂಡತಿ ಮಕ್ಕಳಿಲ್ಲ ಎಂದ ಮಾತ್ರಕ್ಕೆ ಮನೆ ಖಾಲಿ ಇತ್ತೆಂದಲ್ಲ. ಆದ್ದರಿಂದ ಒಬ್ಬ ಒಕ್ಕಲಿಗನಿಗಾಗಿ ಕಟ್ಟಿದ ಮನೆಯಲ್ಲಿ ವಿಕರ್ ಬಂದು ನೆಲೆಸಬೇಕಾದರೆ ಒಂದು ಗೋಡೆಯನ್ನೂ ಬದಲಿಸಬೇಕಾಗಿರಲಿಲ್ಲ. ಆಲ್‌ಫ್ರಿಸ್ಟನ್ ಮನೆಯನ್ನು ಪಾದ್ರಿಮನೆ ಮಾಡಿದ್ದು ಅದರ ಬಳಕೆ. ಬಡಗಿ ಕಟ್ಟಿದ್ದು ತನಗೆ ಗೊತ್ತಿದ್ದ ಒಳ್ಳೆಯ ಮನೆಯನ್ನು.

ಪಾದ್ರಿಗೆಂದೇ ಯೋಚಿಸಿ ಕಟ್ಟಿದ ಮನೆ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಸಾಮರ್‌ಸೆಟ್‌ಗೆ ಹೋಗಬೇಕು. ಮಚೆಲ್ನಿಯ ‘ಪ್ರೀಸ್ಟ್ಸ್ ಹೌಸ್’ 14ನೇ ಶತಮಾನದ ಆರಂಭದ್ದು. ಪಕ್ಕದ ಬೆನೆಡಿಕ್ಟೀನ್ ಮಠ ಊರಿನ ಪಾದ್ರಿಗಾಗಿಯೇ ಅದನ್ನು ಕಟ್ಟಿಸಿತು. ಅಲ್ಲಿಯೂ ಹುಲ್ಲುಮಾಡು, ಅಲ್ಲಿಯೂ ನಡುವೆ ನಡುಮನೆ. ಆದರೆ ಗೋಡೆ ಕಲ್ಲಿನದು, ಬಾಗಿಲು ಗಾಥಿಕ್ ಶೈಲಿಯ ಮೊನಚು ಕಮಾನಿನದು, ನಡುಮನೆಯ ಎತ್ತರದ ಕಿಟಕಿಯ ತಲೆಯಲ್ಲಿ ಚರ್ಚಿನ ಕಿಟಕಿಗಳಲ್ಲಿ ಕಾಣುವಂಥ ಕಲ್ಲಿನ ಕುಸುರಿ. ನೀವು ಆಲ್‌ಫ್ರಿಸ್ಟನ್‌ನಲ್ಲಿ ಹುಡುಕಿದ ಛಾಯೆ ಅಲ್ಲಿ ಬಿದ್ದಿದೆ, ಏಕೆಂದರೆ ಅಲ್ಲಿ ಹಣ ಹಾಕಿದ್ದು ಮಠ.

ಅದೇ ಸಾಮರ್‌ಸೆಟ್‌ನ ವೆಲ್ಸ್ ನಗರದ ‘ವಿಕರ್ಸ್ ಕ್ಲೋಸ್’ ಇನ್ನೂ ಸ್ಪಷ್ಟ ಉದಾಹರಣೆ. ಕಥೀಡ್ರಲ್‌ನಲ್ಲಿ ಹಾಡುತ್ತಿದ್ದ ಗಾಯಕ ಪಾದ್ರಿಗಳು ಊರಲ್ಲಿ ಅಲ್ಲಲ್ಲಿ ಬಾಡಿಗೆಗೆ ಇರದೆ ಒಂದೇ ಕಡೆ ಶಿಸ್ತಿನಿಂದ ಇರಲೆಂದು ಅಲ್ಲಿನ ಬಿಷಪ್ ‘ರಾಲ್ಫ್ ಆಫ್ ಶ್ರೂಸ್‌ಬರಿ’ 1348ರಲ್ಲಿ ಆ ಬೀದಿಗೆ ಬುನಾದಿ ಹಾಕಿದರು. ಪ್ರತಿಯೊಬ್ಬನಿಗೂ ಕೆಳಗೊಂದು ಕೋಣೆ, ಮೇಲೊಂದು ಕೋಣೆ, ಎರಡಕ್ಕೂ ಬೆಂಕಿಗೂಡು. ಒಂಟಿ ಮನುಷ್ಯನ ಅಳತೆಯ ಮನೆ ಎಂದರೆ ಅದು. ಅವನಿಗೆ ಜಮೀನಿಲ್ಲ, ಆಳಿಲ್ಲ, ಊಟಕ್ಕೆ ಬೀದಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಊಟದಮನೆ ಇತ್ತು. ಆಮೇಲೆ 1549ರಲ್ಲಿ ಪಾದ್ರಿಗಳ ಮದುವೆಗೆ ಕಾನೂನು ಒಪ್ಪಿತು, ಮೇರಿ ರಾಣಿಯ ಕಾಲದಲ್ಲಿ ಅದು ರದ್ದಾಗಿ ಎಲಿಜಬೆತ್ ಕಾಲದಲ್ಲಿ ಮತ್ತೆ ನೆಲೆಗೊಂಡಿತು. ಸಂಸಾರ ಬಂದ ಮೇಲೆ ವೆಲ್ಸ್‌ನ ಆ ಪುಟ್ಟ ಮನೆಗಳು ಸಾಲದಾದವು, ಎರಡೆರಡನ್ನು ಸೇರಿಸಿ ಒಂದು ಮಾಡಿದರು. ರೈತನ ಅಳತೆಯ ಮನೆ ಸಂಸಾರಕ್ಕೂ ಸಾಕಾಗುತ್ತಿತ್ತು, ಒಂಟಿ ಗಾಯಕನ ಅಳತೆಯದು ಸಾಲಲಿಲ್ಲ.

ಮರುಪ್ರಶ್ನೆ: ಸೂರಂಚು

ಇಬ್ಬರಿಗೂ ಕೃತಜ್ಞತೆಗಳು. ಬಳಕೆ ಮತ್ತು ರೂಪದ ನಡುವಿನ ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಇನ್ನು ಉಳಿದದ್ದು ಎರಡು. ಒಂದು, ಇಂಥ ಮನೆಗಳಲ್ಲಿ ಹೊಗೆಗೂಡಿಲ್ಲದೆ ಬೆಂಕಿ ಎಲ್ಲಿ ಉರಿಯುತ್ತಿತ್ತು? ಎರಡು, ಆ ಬಿಳಿಯ ನೆಲ. ಅಲ್ಲಿ ಅದನ್ನು ಸೀಮೆಸುಣ್ಣ ಮತ್ತು ಹುಳಿಹಾಲಿನಿಂದ ಮಾಡಿದ್ದೆಂದು ಹೇಳಿದರು. ಹಾಲು ಹಾಕಿದ ನೆಲ ಹೇಗೆ ನಿಲ್ಲುತ್ತದೆ?

ಉತ್ತರ: ಸುಣ್ಣಗಾರೆ

ನೆಲದಿಂದ ಪ್ರಾರಂಭಿಸುತ್ತೇನೆ, ಏಕೆಂದರೆ ನನ್ನ ಕೆಲಸ ಅದೇ. ಆಲ್‌ಫ್ರಿಸ್ಟನ್ ಸುತ್ತಲಿನ ಗುಡ್ಡಗಳೆಲ್ಲ ಸೀಮೆಸುಣ್ಣದವು. ಅಗೆದರೆ ಸಿಗುವುದೇ ಅದು. ಅದನ್ನು ಒಡೆದು, ದೊಡ್ಡ ಚೂರುಗಳ ಸಂದಿಗೆ ಪುಡಿ ತುಂಬುವಂತೆ ಹರಡಿ, ತೇವ ಮಾಡಿ, ದಮ್ಮಸು ಹಾಕಿ ಗಟ್ಟಿಯಾಗುವ ತನಕ ಬಡಿಯುತ್ತಾರೆ. ಹಾಗೆ ಬಿಟ್ಟರೆ ಓಡಾಡಿದಂತೆ ಮೇಲ್ಪದರ ಪುಡಿಯೇಳುತ್ತದೆ. ಅದಕ್ಕೇ ಹುಳಿಹಾಲು. ಹುಳಿಯಾದ ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಒಳ್ಳೆಯ ಅಂಟು. ಹಳೆಯ ಕಾಲದ ಬಣ್ಣಗಳಿಗೂ ಮರದ ಅಂಟಿಗೂ ಅದನ್ನು ಬಳಸುತ್ತಿದ್ದರು. ಅದು ಸುಣ್ಣಾಂಶದ ಜೊತೆ ಕೂಡಿ ಮೇಲಿನ ಪದರದ ರಂಧ್ರಗಳನ್ನು ಮುಚ್ಚಿ ಗಟ್ಟಿಮಾಡುತ್ತದೆ. ನೀವು ಕಂಡ ನಯ, ಕಲ್ಲಿನ ನಯದಂತಲ್ಲದೆ ಸ್ವಲ್ಪ ಮೇಣದಂತಿರುವುದು ಇದರಿಂದ. ಇಂಥ ನೆಲಕ್ಕೆ ದೊಡ್ಡ ಗುಣವೊಂದಿದೆ: ಭೂಮಿಯ ತೇವವನ್ನು ಅದು ತಡೆಹಿಡಿಯುವುದಿಲ್ಲ, ನಿಧಾನವಾಗಿ ಮೇಲಕ್ಕೆ ಬಿಟ್ಟುಕೊಡುತ್ತದೆ. ಅದರ ಬದಲಿಗೆ ಸಿಮೆಂಟು ಹಾಕಿದ್ದರೆ ಅದೇ ತೇವ ದಾರಿ ಹುಡುಕಿಕೊಂಡು ಗೋಡೆಯ ಬುಡದ ಅಡಿಮರಕ್ಕೆ ಹೋಗುತ್ತಿತ್ತು, ಓಕ್ ಆದರೂ ಕೊಳೆಯುತ್ತಿತ್ತು. ನಾನು ಕೆಲಸ ಮಾಡಿದ ಒಂದು ಮರದ ಮನೆಯಲ್ಲಿ ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ತಡಿಕೆಗೋಡೆಗೆ ಸಿಮೆಂಟು ಗಾರೆ ಮಾಡಿಸಿದ್ದರು. ಹೊರಗಿನಿಂದ ಗೋಡೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಗಾರೆಯ ಒಂದು ಹೆಕ್ಕಳ ತೆಗೆದಾಗ ಹಿಂದಿನ ಅಡಿಮರದಲ್ಲಿ ಬೆರಳು ಇಳಿಯಿತು, ಒದ್ದೆ ಹುಡಿ ಉಗುರಿಗೆ ಅಂಟಿತು. ಆ ದಿನದಿಂದ ಹಳೆಯ ಮನೆಗೆ ಸುಣ್ಣ ಬಿಟ್ಟು ಬೇರೇನನ್ನೂ ನಾನು ಒಪ್ಪಿಲ್ಲ.

ಬೆಂಕಿಯ ವಿಷಯ. ನಡುಮನೆಯ ನೆಲದ ಮೇಲೆಯೇ, ಗೋಡೆಯಿಂದ ದೂರ, ಬಯಲು ಒಲೆ ಉರಿಯುತ್ತಿತ್ತು. ಅಟ್ಟ ಇಲ್ಲದಿರುವುದಕ್ಕೆ ಮೊದಲ ಕಾರಣವೂ ಇದೇ: ಹೊಗೆ ಮೇಲೇರಲು ಎತ್ತರ ಬೇಕು. ಅದು ಮಾಡಿನೊಳಗೆ ಸೇರಿ, ತಣ್ಣಗಾಗಿ, ಇಳಿಮಾಡಿನ ತುದಿಗಳಲ್ಲಿ ನೆತ್ತಿಯ ಕೆಳಗೆ ಬಿಟ್ಟ ಪುಟ್ಟ ತ್ರಿಕೋನದ ಕಂಡಿಗಳಿಂದಲೂ ಹುಲ್ಲಿನ ಸಂದಿಗಳಿಂದಲೂ ಹೊರಹೋಗುತ್ತಿತ್ತು. ಕಿಟಕಿಗೆ ಗಾಜಿರಲಿಲ್ಲ; ಮೂಲೆ ಮುಂದಾಗಿ ನಿಲ್ಲಿಸಿದ ಚೌಕ ಮರದ ಸರಳುಗಳು, ಒಳಗಡೆ ಹಲಗೆಯ ಕದ. ಗಾಳಿ ಬೀಸುವ ಕಡೆಯ ಕದ ಮುಚ್ಚಿ ಇನ್ನೊಂದು ಕಡೆಯದನ್ನು ತೆರೆದರೆ ಹೊಗೆಗೆ ದಾರಿ. ಇಂಥ ಮನೆಗಳ ಇಳಿಜಂತೆಗಳ ಮೇಲೆ ಇಲ್ಲಣ ಕಟ್ಟಿ, ಕಪ್ಪು ಮರದೊಳಕ್ಕೇ ಇಳಿದಿರುತ್ತದೆ. ಹಳೆಯ ಮನೆಯೊಂದರಲ್ಲಿ ನಡುಮನೆ ಮೊದಲು ಬಯಲಾಗಿತ್ತೇ ಎಂದು ತಿಳಿಯಬೇಕಾದರೆ ಪರಿಣತರು ಮೊದಲು ಹತ್ತುವುದು ಮಾಡಿನೊಳಕ್ಕೆ: ಅಟ್ಟ ಆಮೇಲೆ ಹಾಕಿದ್ದರೂ, ಮೇಲಿನ ಮಸಿ ನಿಜ ಹೇಳುತ್ತದೆ. 16ನೇ ಶತಮಾನದಲ್ಲಿ ಇಟ್ಟಿಗೆಯ ಹೊಗೆಗೂಡು ಸಾಮಾನ್ಯರ ಕೈಗೆಟುಕಿದ ಮೇಲೆ ಬಹಳಷ್ಟು ನಡುಮನೆಗಳಿಗೆ ಅಟ್ಟ ಬಂದು ಅವು ಎರಡು ಅಂತಸ್ತಾದವು. ಬೆಂಕಿ ಉರಿಯುತ್ತಿರುವ ಬಯಲು ಒಲೆಯನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಆ್ಯಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಕೆಂಟ್‌ನ ಚಿಡಿಂಗ್‌ಸ್ಟೋನ್ ಬಳಿ ಜಲಾಶಯಕ್ಕಾಗಿ ತೆರವು ಮಾಡಬೇಕಾಗಿದ್ದ ‘ಬೇಲೀಫ್’ ಎಂಬ 15ನೇ ಶತಮಾನದ ವೀಲ್ಡನ್ ಮನೆಯನ್ನು ಕೀಲು ಕೀಲಾಗಿ ಬಿಚ್ಚಿ ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ.

ಈಗ, ಆಲ್‌ಫ್ರಿಸ್ಟನ್ ಮನೆ ಉಳಿದ ರೀತಿಯ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ನಾವೀಗ ನೋಡುತ್ತಿರುವ ವಾಸ್ತುವಿನಲ್ಲಿ 1896ರ ದುರಸ್ತಿಯ ನಿರ್ಧಾರಗಳೂ ಸೇರಿವೆ. 18, 19ನೇ ಶತಮಾನಗಳಲ್ಲಿ ವಿಕರ್‌ಗಳ ನಿರೀಕ್ಷೆ ಬದಲಾಗಿತ್ತು. 1776ರ ಗಿಲ್ಬರ್ಟ್ ಕಾಯ್ದೆ ಬಂದಮೇಲೆ ಚರ್ಚಿನ ಆದಾಯವನ್ನೇ ಅಡಮಾನವಿಟ್ಟು ಹೊಸ ಪಾದ್ರಿಮನೆ ಕಟ್ಟಿಸಿಕೊಳ್ಳುವುದು ಸುಲಭವಾಯಿತು. ಓದುವ ಕೋಣೆ, ಭೋಜನದ ಕೋಣೆ, ಗಾಡಿಖಾನೆ ಇರುವ ದೊಡ್ಡ ಮನೆಗಳು ಊರೂರಿನಲ್ಲೂ ಎದ್ದವು. ಹಳೆಯ ಮನೆಗಳು ಕೂಲಿಕಾರರ ಬಿಡಾರಗಳಾದವು. ಆಲ್‌ಫ್ರಿಸ್ಟನ್‌ನದೂ ಹಾಗೆಯೇ ಹರಿದು ಹಂಚಿ ಹೋಗಿ, ಕಡೆಗೆ ಕೆಡವುವ ಹಂತಕ್ಕೆ ಬಂದಿತ್ತು. ಅಲ್ಲಿನ ವಿಕರ್ ಅದನ್ನು ಉಳಿಸಲು ಓಡಾಡಿ, ಆಗ ತಾನೆ ಹುಟ್ಟಿದ್ದ ನ್ಯಾಷನಲ್ ಟ್ರಸ್ಟಿನ ಬಾಗಿಲು ತಟ್ಟಿದರು. ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್‌ಸ್ಲಿ ಎಂಬ ಮೂವರು 1895ರಲ್ಲಿ ಕಟ್ಟಿದ ಆ ಸಂಸ್ಥೆಗೆ ಕೈಯಲ್ಲಿ ಹಣವೂ ಇರಲಿಲ್ಲ, ಕಟ್ಟಡ ನೋಡಿಕೊಂಡ ಅನುಭವವೂ ಇರಲಿಲ್ಲ.

ದುರಸ್ತಿಗೆ ಮಾರ್ಗದರ್ಶನ ಸಿಕ್ಕಿದ್ದು ವಿಲಿಯಂ ಮಾರಿಸ್ ಮತ್ತು ಫಿಲಿಪ್ ವೆಬ್ 1877ರಲ್ಲಿ ಆರಂಭಿಸಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘದಿಂದ. ಕೆಲಸ ನೋಡಿಕೊಂಡವರು ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್. ಆ ಸಂಘದ ನಿಲುವು ಸರಳವಾದದ್ದು: ಹಳೆಯದನ್ನು ‘ಮೊದಲಿನಂತೆ’ ಮಾಡುತ್ತೇವೆಂದು ಹೊರಟು ಹೊಸದಾಗಿ ಹಳೆಯದನ್ನು ಸೃಷ್ಟಿಸಬಾರದು, ಕೊಳೆತದ್ದಷ್ಟನ್ನೇ ತೆಗೆದು, ಹಾಕಿದ ತೇಪೆ ತೇಪೆಯೆಂದೇ ಕಾಣುವಂತೆ ಬಿಡಬೇಕು. ಆ ಕಾಲದಲ್ಲಿ ಚರ್ಚುಗಳನ್ನು ಕೆರೆದು ಪಾಲಿಷ್ ಮಾಡಿ ಹೊಸ ಗಾಥಿಕ್ ಮಾಡುತ್ತಿದ್ದ ರೂಢಿಗೆ ಇದು ನೇರ ವಿರೋಧವಾಗಿತ್ತು. ವೆಬ್ ಮತ್ತು ಮಾರಿಸ್ ಇಬ್ಬರೂ ತಮ್ಮ ಯೌವನದಲ್ಲಿ ಆಕ್ಸ್‌ಫರ್ಡಿನಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅವರ ಕಚೇರಿಯಲ್ಲಿ ಕೆಲಸ ಮಾಡಿದವರು. ಸ್ಟ್ರೀಟ್ ಆ ಧರ್ಮಪ್ರಾಂತ್ಯಕ್ಕೆ ಹೊಸ ಪಾದ್ರಿಮನೆಗಳನ್ನು ರಚಿಸುತ್ತಿದ್ದ ವಾಸ್ತುಶಿಲ್ಪಿ. ಆಡಂಬರವಿಲ್ಲದ, ಒಳಗಿನ ಬಳಕೆಗೆ ತಕ್ಕಂತೆ ಹೊರರೂಪ ಪಡೆಯುವ ಆ ಪಾದ್ರಿಮನೆಗಳ ಗುಣವೇ ವೆಬ್ 1859ರಲ್ಲಿ ಮಾರಿಸ್‌ಗಾಗಿ ರಚಿಸಿದ ‘ರೆಡ್ ಹೌಸ್’ನಲ್ಲಿ ಕಾಣುತ್ತದೆ. ಅಂಥವರು ಕಟ್ಟಿದ ಸಂಘಕ್ಕೆ ಆಲ್‌ಫ್ರಿಸ್ಟನ್ ಮನೆಯ ಬೆಲೆ ಬೇರೆಯವರು ಹೇಳಿ ತಿಳಿಯಬೇಕಾಗಿರಲಿಲ್ಲ.

ಉತ್ತರ: ತೊಲೆಜಂತೆ

ಸೂರಿನ ಬಗ್ಗೆ ಬರೆಯುವಾಗ ಒಂದು ವಿಷಯ ಬಿಟ್ಟುಹೋಯಿತು. ಮೇಲಂತಸ್ತನ್ನು ಏಕೆ ಚಾಚುತ್ತಿದ್ದರು ಎಂಬುದಕ್ಕೆ ಹಳೆಯ ವಿವರಣೆ, ಮೇಲೆ ಜಾಗ ಹೆಚ್ಚು ಸಿಗಲೆಂದು. ಪೇಟೆಯ ಕಿರಿದಾದ ನಿವೇಶನಕ್ಕೆ ಇದು ಸರಿ. ಸುತ್ತ ಬಯಲಿರುವ ಆಲ್‌ಫ್ರಿಸ್ಟನ್‌ಗೆ ಹೊಂದುವುದಿಲ್ಲ. ಮಧ್ಯಯುಗದ ಬಡಗಿಗಳು ಜಂತೆಯನ್ನು ಅಗಲದ ಮೈ ಕೆಳಗಾಗಿ ಮಲಗಿಸುತ್ತಿದ್ದರು, ಆದ್ದರಿಂದ ಅದು ನಡುವೆ ಬಾಗುವುದು ಸುಲಭ. ಚಾಚಿದ ತುದಿಯ ಮೇಲೆ ಗೋಡೆಯ ಭಾರ ಕುಳಿತರೆ ನಡುವಿನ ಬಾಗು ಕಡಿಮೆಯಾಗುತ್ತದೆ ಎಂಬುದು ಇನ್ನೊಂದು ವಿವರಣೆ. ಇದರಲ್ಲಿ ಹುರುಳಿದ್ದರೂ, ಮನೆಯ ಮುಂಭಾಗದಲ್ಲಷ್ಟೇ ಚಾಚುವುದು ಹೆಚ್ಚಿರುವುದನ್ನು ನೋಡಿದರೆ ನನಗೆ ಅನ್ನಿಸುವುದು, ದಾರಿಯಲ್ಲಿ ಹೋಗುವವರಿಗೆ ಮನೆಯ ಘನತೆ ಕಾಣಲಿ ಎಂಬುದೇ ದೊಡ್ಡ ಕಾರಣ.

ಇನ್ನೊಂದು ಸಣ್ಣ ವಿವರ. ಮತ್ತೆ ಹೋದರೆ ನಡುಮನೆಯ ಮೇಲಂಚಿನ ಕೆತ್ತನೆಯ ಪಟ್ಟಿಯನ್ನು ನೋಡಿ, ಅಲ್ಲಿ ಓಕ್ ಎಲೆಯ ಕೆತ್ತನೆಯಿದೆ. ನ್ಯಾಷನಲ್ ಟ್ರಸ್ಟಿನ ಲಾಂಛನದಲ್ಲಿರುವ ಓಕ್ ಎಲೆ ಅದರಿಂದಲೇ ಬಂದಿರಬಹುದೆಂಬ ಮಾತು ಬಹಳ ಕಾಲದಿಂದ ಇದೆ. ಲಾಂಛನವನ್ನು ರಚಿಸಿದವರು 1930ರ ದಶಕದಲ್ಲಿ ಜೋಸೆಫ್ ಆರ್ಮಿಟೇಜ್ ಎಂಬ ಶಿಲ್ಪಿ, ಆದ್ದರಿಂದ ಆ ಮಾತನ್ನು ನಂಬಿಕೆಯಾಗಿಯಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಕೆತ್ತನೆಯನ್ನು ನೋಡಲು ಬೆಳಗ್ಗೆಗಿಂತ ಮಧ್ಯಾಹ್ನ ಇಳಿಬಿಸಿಲು ಒಳಬರುವ ಹೊತ್ತು ಮೇಲು. ಬೆಳಕು ಓರೆಯಾಗಿ ಬಿದ್ದಾಗ ಉಳಿಯ ಗೀರುಗಳೂ ಎದ್ದು ಕಾಣುತ್ತವೆ.